ಜೊತೆಗಾರನಿಂದ ತಿಳಿದದ್ದು

ಹುಮನಾಬಾದ್, ಶುಕ್ರವಾರ

ವೈಜಿನಾಥ ಅವರಿಗೆ ಜಲಾಲುದ್ದೀನನ ಸಲಾಂ.

ನಾಳೆ ಕಾರ್ಖಾನೆಯ ಉತ್ಪಾದನಾ ವಿಭಾಗವನ್ನು ನಿಮಗೆ ಒಪ್ಪಿಸುತ್ತೇನೆ. ಬೀಗದ ಕೈಗಳು ಮೇಜಿನ ಮೇಲಿವೆ.

ಹಿರಿಯ ಅಧಿಕಾರಿಗಳಲ್ಲಿ ನಂಬಿಕೆ ಬೆಳೆಯಲೆಂದು ನಮ್ಮ ಜರ್ಮನ್ ನಿರ್ದೇಶಕರು ಎಲ್ಲರನ್ನೂ ಬಸವಕಲ್ಯಾಣದ ಕೋಟೆಗೆ ಕರೆದೊಯ್ದಿದ್ದರು. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ದಾರಿ ಹೇಳಲು ನಿಮ್ಮನ್ನು ಜೊತೆಗೆ ಬಿಟ್ಟರು. ನೀವು ಎಡಗಡೆಯಿಂದ "ಮೆಟ್ಟಿಲ ಬಂತ್ರಿ" ಅಂದದ್ದು ಕೇಳಿಸದೆ ನಾನು ಬಿದ್ದೆ. ಯಾರಿಗೂ ಹೇಳದ್ದನ್ನು ಆಗ ನಿಮಗೆ ಹೇಳಿದೆ: ನನ್ನ ಎಡಗಿವಿ ಕೇಳುವುದಿಲ್ಲ.

"ಫಿಕರ್ ಮಾಡಬ್ಯಾಡ್ರಿ ಜಲಾಲಭಾಯ್, ನನ್ನ ಬಾಯಿಂದ ಹೊರಗ ಬರಂಗಿಲ್ಲ" ಎಂದು ನನ್ನ ಮೊಣಕಾಲಿನ ಮಣ್ಣು ಒರೆಸಿದಿರಿ.

ಸೋಮವಾರದ ಸಭೆಯಲ್ಲಿ, ಜೊತೆಗಾರನಿಂದ ಏನು ತಿಳಿಯಿತೆಂದು ಸಾಹೇಬರು ಕೇಳಿದಾಗ ನೀವು ಎದ್ದು ಅದನ್ನೇ ಹೇಳಿದಿರಿ. ಅವರು ಚಪ್ಪಾಳೆ ತಟ್ಟಿದರು. ಅವರ ದೇಶದಲ್ಲಿ ಎಲ್ಲವನ್ನೂ ಎದುರಿಗೇ ಹೇಳುವುದು ನಂಬಿಕೆಯಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೀವು ಇಲ್ಲೇ ಪಕ್ಕದ ಮಂಠಾಳದವರು, ಯಾರಿಗೂ ಹೇಳಬೇಡಿ ಎಂದರೆ ಏನರ್ಥವೆಂದು ನಿಮಗೆ ಗೊತ್ತಿತ್ತು. ಕಿವಿ ಕೇಳದವನು ಯಂತ್ರಗಳ ನಡುವೆ ಇರುವುದು ಅಪಾಯವೆಂದು ನನ್ನನ್ನು ಸಲಹೆಗಾರನನ್ನಾಗಿ ಕೂರಿಸಿ, ನನ್ನ ಜಾಗಕ್ಕೆ ನಿಮ್ಮನ್ನು ತಂದರು.

ನಾಳೆ ಎಲ್ಲರೆದುರು ನಾವಿಬ್ಬರೂ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳಬೇಕಂತೆ. ತೆಗೆಸಿಕೊಳ್ಳೋಣ.

ಆದರೆ ಒಂದು ಕೆಲಸ ನಿಮ್ಮಿಂದಾಗಬೇಕು. ನನ್ನ ಹೆಂಡತಿ ಲತೀಫಾಗೆ ನಾನು ಇನ್ನೂ ಏನೂ ಹೇಳಿಲ್ಲ. ಬಜಾರಿನಲ್ಲಿ ಸಿಕ್ಕು ನನ್ನ ಕೆಲಸದ ಬಗ್ಗೆ ಕೇಳಿದರೆ, ಎಲ್ಲ ಮೊದಲಿನಂತೆಯೇ ಇದೆ ಎಂದುಬಿಡಿ. ಬೇರೆ ಯಾರು ಹೇಳಿದರೂ ಅವಳು ಒಪ್ಪುವುದಿಲ್ಲ. ಅವಳಿಗೆ ನಿಮ್ಮ ಮಾತಿನ ಮೇಲೆ ಇನ್ನೂ ನಂಬಿಕೆಯಿದೆ.

ಇಂತಿ,
ಜಲಾಲುದ್ದೀನ್