ಮುದುಕಿ ಮರದ ದಾರಿ

ಬಂಗಲೆಯ ಹಿಂದಿನ ಮನೆ,
ಮಾರ್ಚ್ ೧೪, ಗುರುವಾರ

ನನ್ನ ಮೊಂಡ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನೆನಪಾಗದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ನೀನು ಕೇಳಿದ್ದು ಒಂದೇ ಮಾತು: "ಅಕ್ಕ, ಅಪ್ಪ ಹೋದ ದಿನ ಬೆಳಿಗ್ಗೆ ನೀನು ಬಂಗಲೆ ನೋಡೋಕೆ ಬಂದ ಜನರನ್ನ ಕರ್ಕೊಂಡು ಮುದುಕಿ ಮರದ ಕಡೆ ಹೋಗಿದ್ದೆ. ಯಾರೂ ಒಳಗೆ ಹೋಗ್ದಿರ್ಲಿ ಅಂತ ದಾರಿಗೆ ನಾನು ಹಳದಿ ಪಟ್ಟಿ ಕಟ್ಟಿದ್ನಾ, ಇಲ್ವಾ? ನಂಗೆ ಕಟ್ಟಿದ ಹಾಗೇ ನೆನಪು. ಆದ್ರೆ ಈಗ ನನ್ನ ನೆನಪನ್ನೇ ನಂಬೋಕಾಗ್ತಿಲ್ಲ." ಹೇಳುತ್ತೇನೆ. ಮೊದಲು ಮನೆಯ ಸುದ್ದಿ ಕೇಳು.

ಅಮ್ಮನ ಮೊಣಕಾಲು ಹಾಗೇ ಇದೆ, ನಾಲಗೆ ಮಾತ್ರ ಇನ್ನೂ ಚುರುಕು. ಮೆಟ್ಟಿಲು ಹತ್ತಬೇಡಿ ಎಂದ ಡಾಕ್ಟರಿಗೆ, "ಅದನ್ನ ಹೇಳೋಕೆ ನೀವ್ಯಾಕ್ರೀ, ನನ್ನ ಮೊಣಕಾಲೇ ಹೇಳುತ್ತೆ" ಎಂದಳು. ಆದರೆ ನಿನ್ನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಬಂಗಲೆಯಲ್ಲಿ ನನ್ನ ಗೈಡ್ ಕೆಲಸ ನಡೆದಿದೆ. ಇನ್ನೂರು ವರ್ಷದ ಚರಿತ್ರೆಯನ್ನು ಗಂಟಲು ಹರಿದುಕೊಂಡು ಹೇಳಿ, "ಏನಾದ್ರೂ ಕೇಳೋದಿದ್ಯಾ?" ಎಂದರೆ ಜನ ಈಗಲೂ ಟಾಯ್ಲೆಟ್ ಎಲ್ಲಿ ಎಂದೇ ಕೇಳುತ್ತಾರೆ.

ಮೊನ್ನೆ ಸೋಮವಾರ, ಬಂಗಲೆಗೆ ರಜೆ, ಒಬ್ಬಳೇ ತೋಟಕ್ಕೆ ಹೊರಟೆ. ಅಪ್ಪ ಹೋದ ಮೇಲೆ ಈ ಮೂರು ವರ್ಷದಲ್ಲಿ ಕೊಳ ದಾಟಿ ಆಚೆ ಕಾಲಿಟ್ಟಿರಲಿಲ್ಲ. ಜನರನ್ನೂ ಏನೋ ನೆಪ ಹೇಳಿ ಅಲ್ಲಿಂದಲೇ ತಿರುಗಿಸುತ್ತಿದ್ದೆ. ಗುಲಾಬಿ ತೋಟದಲ್ಲಿ ಹೊಸ ಮಾಲಿ ಕೊಂಬೆಗಳನ್ನು ಚಿಗುರಿನ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸದೆ, ಕಣ್ಣಿನ ಕೆಳಗೇ ನೇರವಾಗಿ ಕತ್ತರಿಸಿಟ್ಟಿದ್ದಾನೆ, ಪುಣ್ಯಾತ್ಮ! ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಕೊಳದ ಮೇಲೆ ಕೊಳೆತ ಎಲೆ, ಮೂಲೆಯಲ್ಲಿ ಎರಡು ಬಾತುಕೋಳಿ. ಕಾಡಿನ ಗೇಟಿನ ಚಿಲಕ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಬಡಿದು ತೆಗೆದೆ.

ಅಪ್ಪ ನಮ್ಮಿಬ್ಬರನ್ನೂ ಮರ ಬಡಿಯಲು ಕರೆದೊಯ್ಯುತ್ತಿದ್ದುದು ನೆನಪಿದೆಯಾ? ಕೊಡತಿಯಿಂದ ಬುಡಕ್ಕೆ ಒಂದು ಏಟು, ಆಮೇಲೆ ಕಾಂಡಕ್ಕೆ ಕಿವಿ. ನನಗೆ ಎಲ್ಲವೂ ಒಂದೇ ಸದ್ದು. ನೀನು ಒಂಬತ್ತು ವರ್ಷಕ್ಕೇ ಟೊಳ್ಳು ಯಾವುದು, ಗಟ್ಟಿ ಯಾವುದು ಹೇಳುತ್ತಿದ್ದೆ. "ಇವನಿಗೆ ಕಿವಿ ಕೊಟ್ಟ ದೇವ್ರು ಇವಳಿಗೆ ಬಾಯಿ ಕೊಟ್ಟ" ಎಂದು ಅಪ್ಪ ನಗುತ್ತಿದ್ದರು. ಹಾಗೆ ನಿನಗೆ ಕಾಡಿನ ಕೆಲಸ ಬಂತು, ನನಗೆ ಬಂಗಲೆಯ ಕೆಲಸ ಬಂತು.

ಆ ದಿನವೂ ನಿನ್ನ ಕಿವಿ ತಪ್ಪಲಿಲ್ಲ. ಮುದುಕಿ ಮರದ ದೊಡ್ಡ ಕೊಂಬೆ ಟೊಳ್ಳಾಗಿದೆ ಎಂದು ಬೆಳಿಗ್ಗೆಯೇ ಗೊತ್ತಾಗಿ ನೀನು ಗರಗಸದವರನ್ನು ಕರೆಯಲು ಪೇಟೆಗೆ ಓಡಿದೆ. ನೀನು ಅವರೊಂದಿಗೆ ಬರುವಷ್ಟರಲ್ಲಿ ಕೊಂಬೆ ಬಿದ್ದಿತ್ತು, ಕೆಳಗೆ ಅಪ್ಪ. ಊಟದ ನಂತರ ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂರುವುದು ಕಾಡಿನ ಕೆಲಸ ನಿನಗೆ ಬಿಟ್ಟುಕೊಟ್ಟ ಮೇಲೂ ಅವರ ರೂಢಿ. ಆದರೆ ಪಟ್ಟಿ ಕಟ್ಟಿದ ದಾರಿ ಅವರು ಜನ್ಮದಲ್ಲಿ ದಾಟಿದವರಲ್ಲ. "ಪಟ್ಟಿ ಅಂದ್ರೆ ಗೋಡೆ, ಯಜಮಾನ್ರೇ ಬಂದ್ರೂ ವಾಪಸ್ ಹೋಗ್ಬೇಕು" ಎಂದು ನಮಗೆ ಕಲಿಸಿದ್ದೇ ಅವರು. ಅದಕ್ಕೇ ಯಾರೂ ವಿಚಾರಣೆ ಮಾಡಲಿಲ್ಲ. ಮ್ಯಾನೇಜರ್ ಹೇಳಿದ್ದಿಷ್ಟೇ: "ಪಟ್ಟಿ ಇದ್ದಿದ್ರೆ ಆ ಮನುಷ್ಯ ಒಳಗೆ ಹೋಗ್ತಿರ್ಲಿಲ್ಲ. ಹುಡುಗ ಅವಸರದಲ್ಲಿ ಮರ್ತಿದ್ದಾನೆ." ಅಮ್ಮ ನಿನ್ನ ಮುಖ ನೋಡಿದಳು. ನೀನು ತಲೆ ತಗ್ಗಿಸಿದೆ.

ಈಗ ಗಿಡದ ನೆರಳೂ ಇಲ್ಲದ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತೀಯ. ಬೀಗ ಹಾಕಿದ ಮೇಲೂ ಅರ್ಧ ದಾರಿಯಿಂದ ತಿರುಗಿ ಬಂದು ಎಳೆದು ನೋಡುತ್ತೇನೆ ಎಂದು ಬರೆದಿದ್ದೀಯ. ಅದನ್ನು ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಮೊನ್ನೆ ಹೋಗಿ ನೋಡಿದರೆ, ಮುದುಕಿ ಮರವನ್ನು ಬುಡಕ್ಕೇ ಕಡಿದಿದ್ದಾರೆ. ಬಿಸಿಲು ಬಿದ್ದ ಜಾಗದಲ್ಲೆಲ್ಲ ಜರೀಗಿಡ ಮೊಳಕಾಲುದ್ದ ಬೆಳೆದಿದೆ. ಎಷ್ಟು ಚೆಂದ ಕಾಣುತ್ತದೆ ಗೊತ್ತಾ, ನೋಡಿ ಹೊಟ್ಟೆ ಉರಿಯಿತು. ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬೆನ್ನು ನೋವಿದ್ದರೆ ಭಾರ ಎತ್ತಬೇಡ, ಅಲ್ಲಿ ನಿನಗೆ ಎಣ್ಣೆ ಹಚ್ಚುವವರು ಯಾರಿದ್ದಾರೆ? ನೂರು ವರ್ಷ ತಣ್ಣಗೆ ಬಾಳು, ನನ್ನ ಕಂದ.

ನಿನ್ನ
ಬಾಯಿಬಡುಕಿ ಅಕ್ಕ

ತಾ.ಕ.: ಉತ್ತರ ಬರೆಯದೆಯೇ ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ನೋಡು ನನ್ನ ಹಣೆಬರಹ. ಮತ್ತೆ ತೆಗೆದಿದ್ದೇನೆ.

ನೀನು ಕಟ್ಟಿದ್ದೆ ಕಣೋ. ಅವತ್ತು ನನ್ನ ಜೊತೆ ಬಂದಿದ್ದ ಹೊಸ ಜೋಡಿ ಮುದುಕಿ ಮರದ ಕೆಳಗೇ ಫೋಟೋ ಬೇಕೆಂದು ಹಟ ಹಿಡಿಯಿತು. "ಎರಡೇ ನಿಮಿಷ ಮೇಡಂ, ಏನಾಗುತ್ತೆ?" ಎಂದರು. ನಿನಗೆ ಯಾವಾಗಲೂ ಅತಿ ಜಾಗ್ರತೆ ಎಂದುಕೊಂಡು ನಾನೇ ಪಟ್ಟಿ ಬಿಚ್ಚಿದೆ. ಫೋಟೋ ಆಯಿತು, ಮಾತಾಡುತ್ತ ಆಡುತ್ತ ಅವರನ್ನು ಕೊಳದ ಕಡೆ ಕರೆದೊಯ್ದೆ. ಮತ್ತೆ ಕಟ್ಟುವುದು ಮರೆತೇಹೋಯಿತು. ಎಲ್ಲರೂ ನಿನ್ನನ್ನು ನೋಡುತ್ತ ನಿಂತಾಗ ಪಟ್ಟಿ ನನ್ನ ಚೀಲದಲ್ಲೇ ಇತ್ತು. ದಿನವಿಡೀ ಬಡಬಡಿಸುವವಳು ಆಗ ಬಾಯಿ ಬಿಡಲಿಲ್ಲ. ಆಮೇಲೆ ದಿನ ಕಳೆದಷ್ಟೂ ಧೈರ್ಯ ಸಾಲಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. "ಅವನಿಗೆ ಬರಿ" ಎಂದಳು, ಅಷ್ಟೇ. ಆಗಿನಿಂದ ನನ್ನ ಜೊತೆ ಮಾತಿಲ್ಲ. ನೀನೂ ಬಿಟ್ಟರೆ ಬಿಡು, ನನ್ನ ಕರ್ಮ. ಆದರೆ ಇದೊಂದನ್ನು ನಂಬು: ನೀನು ಎರಡು ಗಂಟು ಹಾಕಿದ್ದೆ. ಎಷ್ಟು ಬಿಗಿಯಾಗಿದ್ದವೆಂದರೆ, ಕೈಯಲ್ಲಿ ಬರದೆ ಹಲ್ಲಿನಿಂದ ಬಿಚ್ಚಿದೆ.