ಹಳೇಬೀಡಿನಲ್ಲಿ ಹತ್ತು ನಿಮಿಷದ ಇಂಗ್ಲಿಷ್

ಜುಲೈ 8, 2025, ಮಂಗಳವಾರ. ಬೆಳಗ್ಗೆ 6

ಪೆನ್ಸಿಲ್ ಹಲ್ಲಲ್ಲಿ ಕಚ್ಚಿಕೊಂಡು ಎರಡು ಪುಟ ಗಟ್ಟಿಯಾಗಿ ಓದಿದೆ. ತೆಗೆದು ಮತ್ತೆ ಎರಡು. ಬಿಂದುಶ್ರೀ ಹೇಳಿಕೊಟ್ಟ ಕ್ರಮ. ಎದುರುಮನೆ ಹುಡುಗಿ, ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ನನ್ನ ಅರ್ಧ ವಯಸ್ಸು. ‘ಟೆಂಪಲ್’ ಬಂತು. ‘ಸ್ಕಲ್ಪ್ಚರ್’ ಇನ್ನೂ ಇಲ್ಲ.

“ಓಡ್ಬೇಡಿ ಆಂಟಿ, ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ” ಅನ್ನುತ್ತಾಳೆ.

ಬರುತ್ತಿದ್ದಾರೆ, 1986ರಿಂದ. ಪಿಯುಸಿ ಸೆಮಿನಾರ್. ಹೊಯ್ಸಳರ ಬಗ್ಗೆ ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಹೇಳಿದ್ದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಕೂರಿಸಿದರು. ಯಾವ ಬೆಂಚಿನಿಂದ ಯಾರ ನಗು ಕೇಳಿಸಿತು ಅಂತ ಇವತ್ತಿಗೂ ಹೇಳಬಲ್ಲೆ.

ಜುಲೈ 13, ಭಾನುವಾರ

ಹಳೇಬೀಡಿಗೆ ಹೋಗಿ ಬಂದೆ. ಹೊಟ್ಟೆ ಉರಿಯಿತು. ಒಬ್ಬ ಗೈಡು, ಒಳ್ಳೆಯ ಅಂಗಿ, ಅದಕ್ಕಿಂತ ಒಳ್ಳೆಯ ಇಂಗ್ಲಿಷು. ದೇವಿಯ ಕೈಯಲ್ಲಿರುವ ಮಾದಳದ ಹಣ್ಣು ತೋರಿಸಿ “ಹ್ಯಾಂಡ್ ಗ್ರೆನೇಡ್” ಅಂದ! ಜನ ಫೋಟೋ ಹೊಡೆದುಕೊಂಡರು. ತಡೆಯಲಾಗದೆ ನಾನೇ ಇಂಗ್ಲಿಷಿನಲ್ಲಿ ತಿದ್ದಿದೆ. “ಸಾರಿ ಆಂಟಿ?” ಅಂದರು. ಮತ್ತೆ ಹೇಳಿದೆ. ಮತ್ತೆ “ಸಾರಿ?” ಆಮೇಲೆ ಅವನ ಹಿಂದೆಯೇ ಹೋದರು.

ಲೈಬ್ರರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ, ಶಾಸನ ಸಂಪುಟ ಓದಿ ಓದಿ ಕನ್ನಡಕದ ನಂಬರ್ ಏರಿಸಿಕೊಂಡವಳು ನಾನು. ಕೇಳುವವರಿಲ್ಲ. ಗ್ರೆನೇಡಿಗೆ ಕೇಳುವವರಿದ್ದಾರೆ.

ಆಗಸ್ಟ್ 23ಕ್ಕೆ ಪರೀಕ್ಷೆ. ಬೆಂಗಳೂರಿನ ಒಂದು ಟ್ರಸ್ಟು ಶನಿವಾರದ ನಡಿಗೆಗೆ ಒಬ್ಬ ವಾಲಂಟಿಯರ್ ತೆಗೆದುಕೊಳ್ಳುತ್ತದೆ. ಹೊರರಾಜ್ಯದವರಿಗೆ ದೇವಸ್ಥಾನ ತೋರಿಸಬೇಕು. ಪರೀಕ್ಷೆಗೆ ಅಲ್ಲೇ ಹತ್ತು ನಿಮಿಷದ ಮಾತು, ಇಂಗ್ಲಿಷಿನಲ್ಲೇ. ಕನ್ನಡದ ಕಲ್ಲಿಗೆ ಇಂಗ್ಲಿಷ್ ಪರೀಕ್ಷೆ ಯಾಕೆ ಅಂತ ಹೋದ ವರ್ಷವೇ ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಬಂದದ್ದು ಫಲಿತಾಂಶ ಮಾತ್ರ: ಜ್ಞಾನ ಉತ್ತಮ, ಉಚ್ಚಾರಣೆ ಅಸ್ಪಷ್ಟ.

ಈ ಸಲವೂ ಫೇಲಾದರೆ ಮತ್ತೆ ಬಾಯಿ ತೆರೆಯುವವಳಲ್ಲ.

ಜುಲೈ 29

ಬಿಂದುಶ್ರೀ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ನನ್ನದೇ ದನಿ. ಚೆನ್ನಾಗಿಯೇ ಇದೆ! ವಾಕ್ಯದ ಕೊನೆ ನುಂಗುವುದು ಹೋಗಿದೆ. ಒತ್ತು ಎಲ್ಲಿ ಅಂತ ತಿಳಿದಿದೆ. “ಸ್ಕಲ್ಪ್ಚರ್ ಕಷ್ಟ ಆದ್ರೆ ಕಾರ್ವಿಂಗ್ ಅನ್ನಿ” ಅಂದಳು. ಒಪ್ಪಲಿಲ್ಲ. ಹಟ.

ಆಗಸ್ಟ್ 3, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ಹಳೇಬೀಡಿನಲ್ಲಿ ರಿಹರ್ಸಲ್. ನಾಗಪುರದ ನಾಲ್ವರು ಹೆಂಗಸರು ಕೇಳುತ್ತೇವೆ ಅಂದರು. ನಮ್ಮನೆಯವರೂ ನನ್ನ ಜೊತೆಗೆ ಬಂದಿದ್ದರು. ಆನೆ ಸಾಲಿನಿಂದ ಶುರು ಮಾಡಿದೆ. ಒಂದು ಪದ ತಪ್ಪಲಿಲ್ಲ. ಮೂರನೇ ನಿಮಿಷಕ್ಕೆ ಇಬ್ಬರು ಮೊಬೈಲ್ ತೆಗೆದರು. ಇನ್ನೊಬ್ಬಾಕೆ “ನಿಮ್ಮ ಆಕ್ಸೆಂಟ್ ನಮಗೆ ಗೊತ್ತಾಗುತ್ತಿಲ್ಲ” ಅಂತ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. ಅಲ್ಲಿಗೆ ಮುಗಿಸಿದೆ.

ವಾಪಸು ಬಸ್ಸಿನಲ್ಲಿ ಜಾವಗಲ್ ದಾಟಿದೆವು. ಆಮೇಲೆ ಇವರು ಬಾಯಿ ಬಿಟ್ಟರು. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು, ಇದೇ ರೂಟಿನಲ್ಲಿ.

“ಇಂಗ್ಲಿಷ್ ನಂಗೆ ಗೊತ್ತಿಲ್ಲ ಕಣೇ. ಆದ್ರೆ ನೀನು ಗೋಡೆಗೆ ಟಿಕೆಟ್ ಕೊಡ್ತಿದ್ದೆ.”

“ಏನ್ರೀ ಹಂಗಂದ್ರೆ?”

“ಪ್ಯಾಸೆಂಜರ್ ನಿನ್ ಹಿಂದೆ ನಿಂತವ್ರೆ. ನಿನ್ ಮುಖ ಗೋಡೆಗೈತೆ. ಮಾತೆಲ್ಲ ಆ ಆನೆಗಳೇ ಕೇಳುಸ್ಕೊಂಡ್ವು.”

ಹೌದು. ನಾನು ವಿಗ್ರಹಕ್ಕೆ ಬೆನ್ನು ಹಾಕುವವಳಲ್ಲ. ಗುಡಿಯಿಂದ ಹೊರಗೆ ಬರುವಾಗ ಅಮ್ಮ ಹಿಮ್ಮುಖವಾಗಿಯೇ ಹೊಸ್ತಿಲು ದಾಟಿಸುತ್ತಿದ್ದಳು. ಐವತ್ತಾರು ವರ್ಷದಿಂದ ಅದೇ. ಯಾರೂ ಕಲಿಸಬೇಕಿಲ್ಲ, ಕಾಲೇ ತಿರುಗುತ್ತದೆ.

“ಮತ್ತೆ ದೇವರಿಗೆ ಬೆನ್ನು ತೋರಿಸ್ಲಾ?”

“ಡ್ರೈವರ್ ತಲೆ ಮ್ಯಾಲಿನ್ ದೇವ್ರಿಗೆ ನಾನು ದಿನಾ ಬೆನ್ನು ಹಾಕ್ದೋನೇ. ಒಂದಿನನಾದ್ರೂ ಬಸ್ ಮಗುಚೈತಾ?”

ಪಕ್ಕದ ಸೀಟಿನವರೂ ನಕ್ಕರು. ನನಗೆ ನಗು ಬರಲಿಲ್ಲ. ಸೆಮಿನಾರಿನಲ್ಲೂ ಹಾಗೇ ನಿಂತಿದ್ದೆ. ಗುರುಗಳಿಗೆ ಬೆನ್ನು ಹಾಕಬಾರದೆಂದು ಮೇಷ್ಟ್ರ ಕಡೆ ತಿರುಗಿ, ಕ್ಲಾಸಿಗೆ ಬೆನ್ನು ಮಾಡಿ. ಅವರು ನಕ್ಕದ್ದು ಅದಕ್ಕೇ ಇರಬಹುದೆ? ಮೂವತ್ತೊಂಬತ್ತು ವರ್ಷ ನಾಲಿಗೆಯನ್ನು ಬೈದೆ...

ಆಗಸ್ಟ್ 5

ಹಿತ್ತಿಲಲ್ಲಿ ಅಭ್ಯಾಸ. ತೆಂಗಿನ ಮರಕ್ಕೆ ಬೆನ್ನು, ಇವರ ಕಡೆ ಮುಖ. “ಕೊನೇ ಸೀಟ್ನೋರ್ನ ನೋಡಿ ಮಾತಾಡು. ಮುಂದಿನೋರು ತಾವಾಗೇ ಕೇಳುಸ್ಕೋತಾರೆ.” ಬಿಂದುಶ್ರೀ ಬಾವಿಕಟ್ಟೆಯ ಹತ್ತಿರ ನಿಂತು ಕೈ ಎತ್ತುತ್ತಾಳೆ, ಕೇಳಿಸಿದರೆ. “ಅಂಕಲ್, ನೀವೇ ಕಾಲೇಜಿಗೆ ಬನ್ನಿ, ನಾನು ಬಸ್ಸಿಗೆ ಹೋಗ್ತೀನಿ” ಅಂದಳು. ಇವರಿಗೆ ಆ ಸಂಭ್ರಮದಲ್ಲಿ ಎರಡನೇ ಕಾಫಿ ಬೇಕಾಯಿತು.

ಆಗಸ್ಟ್ 23, ಶನಿವಾರ. ಸಂಜೆ

ಮುಗಿಯಿತು.

ಮೂವರು ಪರೀಕ್ಷಕರು, ಹತ್ತಿಪ್ಪತ್ತು ಪ್ರವಾಸಿಗರು. ಮೊದಲು ಗೋಡೆಯ ಮೇಲಿನ ದೇವಿಯ ಕಡೆ ತಿರುಗಿ ಕೈಮುಗಿದೆ. ತಾಯಿ, ಹತ್ತು ನಿಮಿಷ ಅಪ್ಪಣೆ ಕೊಡು ಅಂತ ಮನಸ್ಸಿನಲ್ಲೇ ಅಂದೆ. ತಿರುಗಿದೆ. ಬೆನ್ನಿನ ಮೇಲೆ ಬಿಸಿನೀರು ಹೊಯ್ದಂತಾಯಿತು. ಮೊದಲ ವಾಕ್ಯ ನಡುಗಿತು. ಎರಡನೆಯದು ಕೊನೆಯ ಸಾಲಿನ ಟೋಪಿಯ ಮುದುಕರಿಗೆ ಹೇಳಿದೆ. ಅವರು ತಲೆಯಾಡಿಸಿದರು! ಆಮೇಲೆ ಮಾತು ತಾನೇ ಹೋಯಿತು. ‘ಸ್ಕಲ್ಪ್ಚರ್’ ಒಂದು ಸಲ ಎಡವಿತು. ನಿಂತು, ಮತ್ತೆ ಹೇಳಿ, ಮುಂದೆ ಹೋದೆ. ಯಾರೂ ನಗಲಿಲ್ಲ.

ಯಾರೂ “ಸಾರಿ?” ಅನ್ನಲಿಲ್ಲ.

ಸೆಪ್ಟೆಂಬರ್ 1

ಫೋನ್ ಬಂತು. ತೆಗೆದುಕೊಂಡಿದ್ದಾರೆ. ಇವರಿಗೆ ಹೇಳಿದರೆ “ಡ್ಯೂಟಿ ಯಾವಾಗಿಂದ?” ಅಂದರು, ಅಷ್ಟೇ. ಒಳಗೆ ಹೋಗಿ ನನ್ನ ಚಪ್ಪಲಿಗೆ ತಾವೇ ಹೊಲಿಗೆ ಹಾಕಿದರು. ಫೋನಿನ ಹಿಂದೆಯೇ ವಾಟ್ಸಾಪಿನಲ್ಲಿ ಬಂದ ಟ್ರಸ್ಟಿನ ಕಾಗದದಲ್ಲಿ ಒಂದೇ ಒಂದು ಸಾಲೂ ಕನ್ನಡವಿಲ್ಲ. ಅದಕ್ಕೆ ಬೇರೆ ಬರೆಯುತ್ತೇನೆ, ಬಿಡುವುದಿಲ್ಲ.

ಸೆಪ್ಟೆಂಬರ್ 6, ಶನಿವಾರ. ಸಂಜೆ 7

ಮೊದಲ ನಡಿಗೆ. ಹದಿನಾಲ್ಕು ಜನ. ಒಂದು ಗಂಟೆಯದು ಎರಡಾಯಿತು.

ಕೊನೆಯಲ್ಲಿ ಪುಣೆಯ ಒಬ್ಬ ಅಜ್ಜಿ ಕೇಳಿದರು: ಇಷ್ಟು ಜನ ಶಿಲ್ಪಿಗಳು ಇಲ್ಲಿ ಊಟ ಏನು ಮಾಡುತ್ತಿದ್ದರು? ಅಡುಗೆ ಯಾರದು?

ಎಲ್ಲರೂ ನನ್ನ ಮುಖ ನೋಡಿದರು. “ಐ ಡೋಂಟ್ ನೋ” ಅಂದೆ. ಇಡೀ ದಿನದಲ್ಲಿ ಅಷ್ಟು ಸ್ಪಷ್ಟವಾಗಿ, ಅಷ್ಟು ಗಟ್ಟಿಯಾಗಿ ಬೇರೆ ಯಾವ ಮಾತೂ ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಹುಡುಕಿ ತಿಳಿಸುತ್ತೇನೆ ಅಂತ ನಂಬರ್ ತೆಗೆದುಕೊಂಡೆ.

ಈಗ ಹಾಸನ ಜಿಲ್ಲೆಯ ಸಂಪುಟ ತೊಡೆಯ ಮೇಲಿದೆ. ಇವರು ತಟ್ಟೆ ಹಾಕಿಕೊಂಡು ಮೂರನೇ ಸಲ ಕರೆಯುತ್ತಿದ್ದಾರೆ. ಒಂದು ನಿಮಿಷ. ಇಲ್ಲೊಂದು ದತ್ತಿ ಶಾಸನ ಇದೆ, ಅಕ್ಕಿ, ತುಪ್ಪ, ಕೆಳಗೆ ಒಬ್ಬ ಹೆಂಗಸಿನ ಹೆಸರು—