ಅಂಗೈಯ ಗಾಯ

14 ಜೂನ್ 2025, ಶನಿವಾರ

ಆ ಅಂಗೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಮಧುಗಿರಿಯಲ್ಲಿ ಇಂದು ಕ್ರಿಮಿನಲ್ ವಕೀಲರಿಗೆ ತರಬೇತಿಯಿತ್ತು. ಮೂಳೆ ಕಾಣುವಷ್ಟು ಸೀಳಿದ ಕೈಯೊಂದನ್ನು ಪರದೆಯ ಮೇಲೆ ತೋರಿಸಿದ ವೈದ್ಯರು, "ಇದು ಮಚ್ಚು ಬೀಸಿದವನ ಕೈಯಲ್ಲ, ಅಲಗನ್ನು ಹಿಡಿದು ತಡೆದವನ ಕೈ" ಎಂದರು.

ನನ್ನ ಕಕ್ಷಿದಾರ ತಿಮ್ಮರಾಜುವಿನ ಬಲ ಅಂಗೈಯಲ್ಲೂ ಅಂಥದೇ ಕಲೆಯಿದೆ. ಅಣ್ಣನ ಕತ್ತು ಕಡಿದು ಕೊಂದ ಆರೋಪ ಅವನ ಮೇಲಿದೆ. ಆಸ್ಪತ್ರೆಯಲ್ಲಿ ಮಾತ್ರ, ಹುಣಸೆ ಕೊಂಬೆ ಕಡಿಯುವಾಗ ಆದ ಗಾಯ ಎಂದಿದ್ದ.

ಸಂಜೆ ಹುಲಿಕುಂಟೆಗೆ ಹೋಗಿ, ಅಣ್ಣತಮ್ಮಂದಿರ ಹೊಡೆದಾಟವನ್ನು ಕಣ್ಣಾರೆ ಕಂಡ ಒಬ್ಬಳೇ ಸಾಕ್ಷಿಯಾದ ಅವನ ತಾಯಿ ಸರಸಮ್ಮನನ್ನು ಆ ಗಾಯದ ಬಗ್ಗೆ ಕೇಳಿದೆ.

"ನಾನೇ ಅಂಗೇಳು ಅಂದೆ ಸಾ. ಕಾಫಿಪುಡಿ ಮೆತ್ತಿ ಬಟ್ಟೆ ಕಟ್ದೆ. ಕೈ ಕುಯ್ದಿರಾದ್ ಕಂಡ್ರೆ ಇವ್ನೇ ಮಚ್ಚಿಡ್ದೋನು ಅಂದ್ಬುಡ್ತಾರಲ್ಲ."

"ಆ ಗಾಯವೇ ಅವನನ್ನ ಉಳಿಸೋದು ಕಣಮ್ಮ. ಮೊದಲು ಬೀಸಿದ್ದು ಅಣ್ಣ ಅಂತ, ನೀವು ಕಂಡಿದ್ದನ್ನ ಕೋರ್ಟಲ್ಲಿ ಹೇಳಿ."

ಆಕೆ ಎದ್ದು ನಿಂತಳು. "ನೀವೆಂಥ ಲಾಯರ್ರು! ರಕ್ತ ಚಿಮ್ಮೋ ದೊಡ್ಮಗನ್ ತಲೇನ ತೊಡೆ ಮ್ಯಾಲಿಟ್ಕಂಡೋಳು ನಾನು. ಈಗ ಆ ಸತ್ತೋನ್ನೇ ಕೊಲೆಗಡುಕ ಅನ್ಲಾ?"

ಆಕೆ ಹೇಳದಿದ್ದರೆ ತಿಮ್ಮರಾಜುವಿಗೆ ಜೀವಾವಧಿ. ಸೋಮವಾರ ಆಕೆಯನ್ನು ಸಾಕ್ಷಿಗೆ ಕರೆಸಲು ಅರ್ಜಿ ಹಾಕುತ್ತೇನೆ. ಕಟಕಟೆಯಲ್ಲಿ ನಾನು ಕೇಳಬೇಕಾದ ಮೊದಲ ಪ್ರಶ್ನೆ, ನಿಮಗೆ ಎಷ್ಟು ಜನ ಮಕ್ಕಳು ಎಂಬುದು.